ಮೊಮ್ಮಗನ ಮಾತಿನ ಲೆಕ್ಕ

ಮೊಮ್ಮಗನಿಗೆ 11 ತಿಂಗಳು ತುಂಬಿದ ವಾರ ನಾನು 200 ಪುಟದ ಒಂದು ನೋಟ್‌ಬುಕ್ ತಂದು, ಪ್ರತಿ ಪುಟದ ನಡುವೆ ಉದ್ದಕ್ಕೆ ಗೆರೆ ಎಳೆದು, ಎಡಗಡೆ ಕನ್ನಡ, ಬಲಗಡೆ ಕೊಂಕಣಿ ಎಂದು ತಲೆಬರಹ ಬರೆದೆ. ನಾನು ಸಿರ್ಸಿ ಕಡೆಯ ಹವ್ಯಕರ ಮನೆಯವಳು; ಕಾರವಾರ ತಾಲೂಕಿನ ಕನ್ನಡ ಶಾಲೆಗಳಲ್ಲಿ 31 ವರ್ಷ ಪಾಠ ಹೇಳಿ ಇಲ್ಲಿಯೇ ನೆಲೆ ನಿಂತವಳು. ಸೊಸೆಯ ತವರು ಕೋಡಿಬಾಗ, ಅವಳ ಮನೆಮಾತು ಕೊಂಕಣಿ. ಮಗು ಯಾವ ಭಾಷೆಯನ್ನು ಮೊದಲು ಹಿಡಿಯುತ್ತದೆ ಎಂದು ತಿಳಿಯುವ ಆಸೆಯಿಂದ ಆರಂಭಿಸಿದ ಲೆಕ್ಕ ಅದು. ಆದರೆ ಮೊದಲ ಪದವೇ ನನ್ನ ಗೆರೆಗೆ ಒಗ್ಗಲಿಲ್ಲ. ಅವನು ಹೇಳಿದ್ದು "ಆಯಿ". ಸಿರ್ಸಿ ಸೀಮೆಯ ಹವ್ಯಕರು ತಾಯಿಯನ್ನು ಕರೆಯುವುದು ಆಯಿ ಎಂದೇ, ನನ್ನ ಸೊಸೆ ತನ್ನ ತಾಯಿಯನ್ನು ಕರೆಯುವುದೂ ಆಯಿ ಎಂದೇ. ಹೀಗಾಗಿ ಆ ಪದವನ್ನು ಎಡಕ್ಕೂ ಬಲಕ್ಕೂ ಸೇರಿಸದೆ ಗೆರೆಯ ಮೇಲೆಯೇ ಬರೆದೆ.

ಈಗ ಅವನಿಗೆ 6 ವರ್ಷ, ಒಂದನೆಯ ತರಗತಿ. ಕೇರಿಯ ಎಳೆಯ ತಾಯಂದಿರು ನನ್ನನ್ನು ಕಂಡಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಎರಡು ವರ್ಷಕ್ಕೆ ಎಷ್ಟು ಶಬ್ದ ಬರಬೇಕು, ಕಡಿಮೆ ಬಂದರೆ ಮುಂದೆ ಓದಿನಲ್ಲಿ ಹಿಂದೆ ಬೀಳುತ್ತದೆಯೇ? ಮೊಮ್ಮಗನ ಮಾತು ತಡವಾದ ಆ ಒಂದು ವರ್ಷ ಈ ಪ್ರಶ್ನೆ ನನ್ನನ್ನೂ ನಿದ್ದೆಗೆಡಿಸಿತ್ತು. ಸಿಕ್ಕಿದ್ದನ್ನೆಲ್ಲ ಓದಿದೆ, ತಿಳಿದವರನ್ನು ಕೇಳಿದೆ. ಮಗು ಆಡುವ ಪದಗಳ ಸಂಖ್ಯೆಗೂ ಅದರ ಮುಂದಿನ ಭಾಷೆಗೂ ಸಂಬಂಧ ಇರುವುದು ನಿಜ. ಆದರೆ ನಾವು ಅಂಜುವಷ್ಟು ಬಿಗಿಯಾದ ಸಂಬಂಧ ಅದಲ್ಲ. ಆಡುವ ಪದಗಳನ್ನು ಎಣಿಸುವುದಕ್ಕಿಂತ, ಮಗುವಿಗೆ ಏನು ಅರ್ಥವಾಗುತ್ತದೆ, ಅದು ಯಾವುದಕ್ಕೆ ಬೆರಳು ತೋರುತ್ತದೆ, ನಾವು ಅದಕ್ಕೆ ಹೇಗೆ ಉತ್ತರಿಸುತ್ತೇವೆ, ಎಲ್ಲಕ್ಕಿಂತ ಮೊದಲು ಅದರ ಕಿವಿ ಸರಿಯಾಗಿ ಕೇಳಿಸುತ್ತಿದೆಯೇ ಎಂಬುದನ್ನು ನೋಡಬೇಕು.

ಮಾತು ಬಾಯಿಗೆ ಬರುವ ಎಷ್ಟೋ ಮೊದಲೇ ಕಿವಿಯಲ್ಲಿ ಅದರ ಕೆಲಸ ಆರಂಭವಾಗಿರುತ್ತದೆ. ಗರ್ಭದ ಕೊನೆಯ ತಿಂಗಳುಗಳಲ್ಲಿಯೇ ಶಿಶುವಿಗೆ ತಾಯಿಯ ದನಿ ಕೇಳಿಸುತ್ತದೆ. ಹುಟ್ಟಿ ಮೂರು ದಿನವೂ ಆಗದ ಶಿಶುಗಳು ಪರಕೀಯ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನೇ ಬಯಸಿ, ಅದು ಕೇಳಿಸುವ ಹಾಗೆ ತಾವು ಚೀಪುವ ಲಯವನ್ನು ಬದಲಿಸಿಕೊಳ್ಳುತ್ತವೆ ಎಂದು ಡಿಕಾಸ್ಪರ್ ಮತ್ತು ಫೈಫರ್ ಎಂಬ ಸಂಶೋಧಕರು 1980ರಲ್ಲಿ ತೋರಿಸಿದರು. ನನಗೆ ಇನ್ನೂ ಹೆಚ್ಚು ಬೆರಗು ಹುಟ್ಟಿಸಿದ್ದು ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಕೆನಡಾದ ವಿದ್ವಾಂಸರು 1984ರಲ್ಲಿ ಪ್ರಕಟಿಸಿದ ಕೆಲಸ. ಹಿಂದಿಯ ತ ಮತ್ತು ಟ ಧ್ವನಿಗಳ ನಡುವಿನ ಭೇದ ಇಂಗ್ಲಿಷ್ ಮಾತಾಡುವ ದೊಡ್ಡವರಿಗೆ ಸುಲಭಕ್ಕೆ ತಿಳಿಯುವುದಿಲ್ಲ. ಆದರೆ ಅವರದೇ ಮನೆಗಳ 6ರಿಂದ 8 ತಿಂಗಳಿನ ಶಿಶುಗಳು ಆ ಭೇದವನ್ನು ಗುರುತಿಸಿದವು. 10ರಿಂದ 12 ತಿಂಗಳಿನವುಗಳಲ್ಲಿ ಬಹುಪಾಲು ಶಿಶುಗಳಿಗೆ ಅದು ಆಗಲಿಲ್ಲ. ಸುತ್ತಲಿನ ಮಾತಿನಲ್ಲಿ ಬಳಕೆಯಿಲ್ಲದ ಭೇದವನ್ನು ಕಿವಿ ವರ್ಷದೊಳಗೇ ಕೈಬಿಡುತ್ತದೆ. ಕತ್ತೆ ಮತ್ತು ಕಟ್ಟೆ, ಹತ್ತಿ ಮತ್ತು ಹಟ್ಟಿ ಎಂದು ದಿನವೂ ಕೇಳಿಸಿಕೊಳ್ಳುವ ನಮ್ಮ ಮಕ್ಕಳಲ್ಲಿ ಅದು ಉಳಿಯುತ್ತದೆ. ತೊಟ್ಟಿಲಲ್ಲಿ ಮಲಗಿ ಸುಮ್ಮನೆ ನೋಡುತ್ತಿದ್ದಾನೆ ಎಂದು ನಾವು ಭಾವಿಸಿದ ತಿಂಗಳುಗಳಲ್ಲಿ ಅವನು ತೊಟ್ಟಿಲು ಎಂಬ ಒಂದೇ ಪದದೊಳಗಿನ ತಕಾರವನ್ನೂ ಟಕಾರವನ್ನೂ ಬೇರೆ ಬೇರೆ ಇಟ್ಟುಕೊಳ್ಳುತ್ತಿದ್ದ ಎಂದು ನೆನೆದರೆ ನನಗೆ ಈಗಲೂ ಸಂತೋಷವಾಗುತ್ತದೆ.

ಧ್ವನಿಗಳಾದ ಮೇಲೆ ಪದಗಳನ್ನು ಬಿಡಿಸಿಕೊಳ್ಳಬೇಕು. ಬರಹದಲ್ಲಿ ಪದಗಳ ನಡುವೆ ಜಾಗ ಬಿಡುತ್ತೇವೆಯೇ ಹೊರತು ಆಡುವಾಗ ಬಿಡುವುದಿಲ್ಲ. ಅದರಲ್ಲೂ ಕನ್ನಡದಲ್ಲಿ ಹಾಲಿಲ್ಲ, ಹಾಲಾತಾ, ಹಾಲಿಗೆ, ಹಾಲುಬೇಕಾ ಎಂದು ಪದ ಮುಂದಿನದರೊಂದಿಗೆ ಬೆಸೆದುಕೊಂಡೇ ಬರುತ್ತದೆ. ಇಷ್ಟರ ನಡುವೆ ಬದಲಾಗದೆ ಉಳಿಯುವ ತುಣುಕೇ ಹಾಲು ಎಂದು ಮಗು ತಾನೇ ಕಂಡುಕೊಳ್ಳಬೇಕು. ಅಮೆರಿಕದಲ್ಲಿ ಜೆನಿ ಸ್ಯಾಫ್ರನ್ ಮತ್ತು ಸಂಗಡಿಗರು 1996ರಲ್ಲಿ ಅರ್ಥವಿಲ್ಲದ ಅಕ್ಷರಗಳ ಒಂದು ಎಡೆಬಿಡದ ಸರಣಿಯನ್ನು 8 ತಿಂಗಳಿನ ಶಿಶುಗಳಿಗೆ ಕೇವಲ 2 ನಿಮಿಷ ಕೇಳಿಸಿದರು. ಯಾವ ಅಕ್ಷರದ ಹಿಂದೆ ಯಾವುದು ತಪ್ಪದೆ ಬರುತ್ತದೆ ಎಂಬುದನ್ನು ಹಿಡಿದು, ಒಳಗಿದ್ದ ಕೃತಕ ಪದಗಳನ್ನು ಶಿಶುಗಳು ಬೇರ್ಪಡಿಸಿಕೊಂಡಿದ್ದವು. ನಮ್ಮ ಅಜ್ಜಿಯಂದಿರು "ಹಾಲು... ಹಾಲು ಬೇಕಾ... ಹಾಲು ಕುಡಿ" ಎಂದು ದನಿ ಏರಿಸಿ ಎಳೆದೆಳೆದು ಹೇಳುತ್ತಿದ್ದುದು ಈ ಕೆಲಸಕ್ಕೆ ಒದಗುವ ನೆರವೇ ಆಗಿತ್ತು.

ಅರ್ಥವಾಗುವುದು ಮೊದಲು, ಆಡುವುದು ನಂತರ. ಎರಡರ ನಡುವಿನ ಅಂತರ ದೊಡ್ಡದು. ತಿನಿಸುಗಳ ಮತ್ತು ಅಂಗಾಂಗಗಳ ಹೆಸರು ಹೇಳಿದಾಗ 6ರಿಂದ 9 ತಿಂಗಳಿನ ಶಿಶುಗಳು ಸರಿಯಾದ ಚಿತ್ರದ ಕಡೆಗೇ ಹೆಚ್ಚು ನೋಡುತ್ತವೆ ಎಂದು ಬರ್ಗೆಲ್ಸನ್ ಮತ್ತು ಸ್ವಿಂಗ್ಲಿ ಎಂಬುವರು 2012ರಲ್ಲಿ ತೋರಿಸಿದ್ದಾರೆ. ಅದಕ್ಕೂ ಬಹಳ ಹಿಂದೆ, 1979ರಲ್ಲಿ, ಹೆಲೆನ್ ಬೆನೆಡಿಕ್ಟ್ ಕೆಲವೇ ಮಕ್ಕಳನ್ನು ಹತ್ತಿರದಿಂದ ಗಮನಿಸಿ, 50 ಪದಗಳು ಅರ್ಥವಾಗುವ ಹಂತಕ್ಕೂ 50 ಪದಗಳನ್ನು ಆಡುವ ಹಂತಕ್ಕೂ ನಡುವೆ ಸುಮಾರು 5 ತಿಂಗಳು ಹಿಡಿಯುತ್ತದೆ ಎಂದು ಗುರುತಿಸಿದ್ದರು. ನನ್ನ ನೋಟ್‌ಬುಕ್ಕಿನ ದೊಡ್ಡ ಕೊರತೆ ಇಲ್ಲಿಯೇ ಇತ್ತು. ಅವನ ಬಾಯಿಂದ ಬಂದದ್ದನ್ನು ಮಾತ್ರ ನಾನು ಬರೆಯುತ್ತಿದ್ದೆ. "ಫ್ಯಾನ್ ಎಲ್ಲಿದೆ" ಎಂದರೆ ತಲೆ ಎತ್ತುತ್ತಿದ್ದುದನ್ನು, ಸೊಸೆ "ಹಾಂಗಾ ಯೋ" (ಇಲ್ಲಿ ಬಾ) ಎಂದೊಡನೆ ಆಟಿಕೆ ಬಿಟ್ಟು ತೆವಳಿ ಹೋಗುತ್ತಿದ್ದುದನ್ನು ಬರೆದಿಡಲಿಲ್ಲ. ಬರೆದಿದ್ದರೆ ಮುಂದೆ ನನ್ನ ಭಯ ಅರ್ಧವಾದರೂ ಕಡಿಮೆಯಾಗುತ್ತಿತ್ತು.

ಯಾವುದನ್ನು ಪದವೆಂದು ಎಣಿಸಬೇಕು ಎಂಬುದೂ ತೊಡಕಿನ ಮಾತೇ. ಒಂದೇ ವಸ್ತುವಿಗೆ ಅಥವಾ ಒಂದೇ ಉದ್ದೇಶಕ್ಕೆ ಮಗು ಮತ್ತೆ ಮತ್ತೆ ಅದೇ ಸದ್ದನ್ನು ಬಳಸಿದರೆ, ಉಚ್ಚಾರ ಹೇಗೇ ಇರಲಿ, ಅದನ್ನು ಪದವೆಂದೇ ಎಣಿಸುತ್ತಾರೆ. ಆದ್ದರಿಂದ ಆಕಳಿಗೆ "ಅಂಬಾ", ನಾಯಿಗೆ "ಬೌಬೌ", ಊಟಕ್ಕೆ "ಮಮ್ಮು", ನಿದ್ದೆಗೆ "ತಾಚಿ" ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಮ್ಮ ಮನೆಯಲ್ಲಿ ಕಾಗೆಯೂ "ಕಾಕಾ", ಚಿಕ್ಕಪ್ಪನೂ "ಕಾಕಾ". ಕಾಗೆಗಾದರೆ ಅವನು ಕಿಟಕಿಯ ಕಡೆ ನೋಡುತ್ತಿದ್ದ, ಚಿಕ್ಕಪ್ಪನಿಗಾದರೆ ಬಾಗಿಲ ಕಡೆ. ಹಾಗಾಗಿ ನಾನು ಎರಡು ಪದವೆಂದೇ ಬರೆದುಕೊಂಡೆ. ಮಕ್ಕಳೊಡನೆ ಇಂಥ ತೊದಲು ಪದ ಆಡಬಾರದು, ಶುದ್ಧವಾಗಿಯೇ ಆಡಬೇಕು ಎಂದು ನಾನು ಶಾಲೆಯಲ್ಲಿದ್ದಾಗ ತಾಯಂದಿರಿಗೆ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಎಡಿನ್‌ಬರೊದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರ ಇಮ್ಮಡಿಸಿದ ಪದಗಳನ್ನು ಮತ್ತು "ಡಾಗಿ" ಎಂಬಂತೆ ಮುದ್ದಿನ ಕೊನೆಯಿರುವ ಪದಗಳನ್ನು ಹೆಚ್ಚು ಕೇಳಿಸಿಕೊಂಡ ಮಕ್ಕಳ ಪದಸಂಪತ್ತು 9 ತಿಂಗಳಿನಿಂದ 21 ತಿಂಗಳಿನವರೆಗೆ ಹೆಚ್ಚು ವೇಗವಾಗಿ ಬೆಳೆದಿತ್ತು. ಆ ಮಕ್ಕಳು ಆಡುತ್ತಿದ್ದುದು ಇಂಗ್ಲಿಷ್, ನಿಜ. ಆದರೂ ಮಮ್ಮು ಮತ್ತು ಬೌಬೌಗಳ ಮೇಲೆ ನಾನು ಹೊರಿಸಿದ್ದ ಆರೋಪವನ್ನು ಹಿಂದಕ್ಕೆ ಪಡೆಯಲು ನನಗೆ ಅಷ್ಟು ಸಾಕಾಯಿತು.

ಕ್ರಿಯಾಪದಗಳದ್ದು ಇನ್ನೊಂದು ಬಗೆ. ಇಂಗ್ಲಿಷ್ ಮಕ್ಕಳ ಮೊದಲ ಪದಗಳಲ್ಲಿ ವಸ್ತುಗಳ ಹೆಸರೇ ಹೆಚ್ಚು. ಚೀನಾದ ಮ್ಯಾಂಡರಿನ್ ಆಡುವ ಮಕ್ಕಳಲ್ಲಿ ಕ್ರಿಯಾಪದಗಳೂ ಅಷ್ಟೇ ಬೇಗ ಬರುತ್ತವೆ ಎಂದು ಟ್ವಿಲಾ ಟಾರ್ಡಿಫ್ 1996ರಲ್ಲಿ ವಾದಿಸಿದರು. ಕನ್ನಡದಲ್ಲಿಯೂ ಕೊಂಕಣಿಯಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಯಲ್ಲಿ, ಮಗುವಿನ ಕಿವಿಗೆ ಎದ್ದು ಕೇಳುವ ಜಾಗದಲ್ಲಿ ನಿಲ್ಲುತ್ತದೆ. ಕರ್ತೃವನ್ನೂ ಕರ್ಮವನ್ನೂ ಬಿಟ್ಟು ಬರಿಯ ಕ್ರಿಯಾಪದದಲ್ಲಿಯೇ ನಾವು ವಾಕ್ಯ ಮುಗಿಸುವುದುಂಟು. ನನ್ನ ನೋಟ್‌ಬುಕ್ಕಿನ ಮೊದಲ ಪುಟಗಳಲ್ಲಿ ಬಾ, ಕೊಡು, ಬೇಡ, ಸಾಕು, ಬಿತ್ತು ಎಡಕ್ಕೆ, ಯೋ (ಬಾ), ದಿ (ಕೊಡು), ನಾಕಾ (ಬೇಡ) ಬಲಕ್ಕೆ ಇರುವುದನ್ನು ನೋಡಿದಾಗ ಇದು ನನಗೆ ಸಹಜವೆನಿಸುತ್ತದೆ. ಮುಂದೆ ಬಾ, ಬಂತು, ಬಂದ ಎಂದು ಮೂರು ರೂಪ ಬಂದಾಗ ಒಂದೆನ್ನಬೇಕೋ ಮೂರೆನ್ನಬೇಕೋ ಎಂದು ಬಹಳ ಯೋಚಿಸಿ ಒಂದೆಂದೇ ಎಣಿಸಿದೆ. ಇಂಗ್ಲಿಷಿಗೆ ಮಾಡಿದ ಪಟ್ಟಿಯನ್ನು ನಮ್ಮ ಮಕ್ಕಳಿಗೆ ಹಾಗೆಯೇ ಹಚ್ಚಿ ಅಂಕ ಕೊಡುವುದು ಏಕೆ ತಪ್ಪು ಎಂದು ಈ ಒಂದು ಉದಾಹರಣೆಯೇ ತಿಳಿಸುತ್ತದೆ.

ಇನ್ನು ಎಲ್ಲರೂ ಕೇಳುವ ಸಂಖ್ಯೆ. ಅಮೆರಿಕದಲ್ಲಿ ಲ್ಯಾರಿ ಫೆನ್ಸನ್, ಎಲಿಜಬೆತ್ ಬೇಟ್ಸ್ ಮೊದಲಾದವರು ಪದಗಳ ದೊಡ್ಡ ಪಟ್ಟಿಯೊಂದನ್ನು ತಂದೆತಾಯಿಯರ ಕೈಗೆ ಕೊಟ್ಟು, ತಮ್ಮ ಮಗು ಆಡುವ ಪದಗಳಿಗೆ ಗುರುತು ಹಾಕಿಸಿ, ಸುಮಾರು 1,800 ಮಕ್ಕಳ ವಿವರವನ್ನು 1994ರಲ್ಲಿ ಪ್ರಕಟಿಸಿದರು. ಎರಡು ವರ್ಷ ತುಂಬುವ ಹೊತ್ತಿಗೆ, ಪದಗಳ ಲೆಕ್ಕದಂತೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ನಡುವೆ ನಿಲ್ಲುವ ಮಗು ಆಡುವುದು ಸುಮಾರು 300 ಪದ. ಆದರೆ ಕೆಳಗಿನ ಹತ್ತನೆಯ ಒಂದು ಭಾಗದ ಮಕ್ಕಳು 60ಕ್ಕೂ ಕಡಿಮೆ ಆಡುತ್ತಿದ್ದರು, ಮೇಲಿನ ಹತ್ತನೆಯ ಒಂದು ಭಾಗದವರು 500ಕ್ಕೂ ಹೆಚ್ಚು. ಒಂದೇ ವಯಸ್ಸಿನ, ಆರೋಗ್ಯವಂತ ಮಕ್ಕಳ ನಡುವೆ ಇಷ್ಟು ಅಂತರವಿರುತ್ತದೆ ಎಂಬುದನ್ನು ತಾಯಂದಿರಿಗೆ ಯಾರೂ ಹೇಳುವುದಿಲ್ಲ. ಅವರ ಕಿವಿಗೆ ಬೀಳುವುದು ಪಕ್ಕದ ಮನೆಯ ಮಗು ಶ್ಲೋಕ ಹೇಳುತ್ತದೆ ಎಂಬುದಷ್ಟೇ.

ನನ್ನ ಮೊಮ್ಮಗನಿಗೆ ಎರಡು ವರ್ಷ ತುಂಬಿದ ದಿನ ಎಣಿಸಿದೆ. ಕನ್ನಡದಲ್ಲಿ 31, ಕೊಂಕಣಿಯಲ್ಲಿ 27, ಗೆರೆಯ ಮೇಲೆ 1. ಒಟ್ಟು 59. ಇವುಗಳಲ್ಲಿ ನೀರು ಮತ್ತು ಉದಾಕ, ಬೇಡ ಮತ್ತು ನಾಕಾ ಎಂಬಂತೆ ಒಂದೇ ಅರ್ಥದ ಜೋಡಿಗಳು 14. ಜೋಡಿಯನ್ನು ಒಂದೆಂದು ಹಿಡಿದರೆ ಉಳಿಯುವುದು 45. ಎರಡು ಭಾಷೆಯ ಮನೆಯ ಮಗುವನ್ನು ಒಂದೇ ಭಾಷೆಯ ಕಡೆಯಿಂದ ಅಳೆದರೆ ಅದು ಬಡವಾಗಿ ಕಾಣಬಹುದು ಎಂಬುದನ್ನು ಬಾರ್ಬರಾ ಪಿಯರ್ಸನ್ ಮತ್ತು ಸಂಗಡಿಗರು 1993ರಲ್ಲಿಯೇ, ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡನ್ನೂ ಕಲಿಯುತ್ತಿದ್ದ ಮಕ್ಕಳನ್ನು ನೋಡಿ ತೋರಿಸಿದ್ದರು: ಎರಡನ್ನೂ ಕೂಡಿಸಿದಾಗ ಆ ಮಕ್ಕಳು ಯಾರಿಗೂ ಕಡಿಮೆಯಿರಲಿಲ್ಲ. ನಾನು ಆಗ ಇದನ್ನು ಓದಿರಲಿಲ್ಲ. ನಮ್ಮ ಪರಿಚಯದ ವೈದ್ಯರೊಬ್ಬರು "ಮಗುವಿಗೆ ಗೊಂದಲವಾಗುತ್ತಿದೆ, ಕೊಂಕಣಿ ನಿಲ್ಲಿಸಿ, ಕನ್ನಡ ಒಂದನ್ನೇ ಆಡಿ" ಎಂದರು. ಸೊಸೆ ಎರಡು ವಾರ ಹಾಗೆಯೇ ಮಾಡಿದಳು. ತನ್ನದಲ್ಲದ ಭಾಷೆಯಲ್ಲಿ ಹುಡುಕಿ ಹುಡುಕಿ ಆಡಬೇಕಾದ ತಾಯಿ ಮಗುವಿನೊಡನೆ ಆಡುವುದನ್ನೇ ಕಡಿಮೆ ಮಾಡುತ್ತಾಳೆ ಎಂಬುದನ್ನು ನಾನು ಆ ಎರಡು ವಾರಗಳಲ್ಲಿ ಕಣ್ಣಾರೆ ಕಂಡೆ. ಸ್ನಾನದ ಮನೆಯಿಂದ ಬರುತ್ತಿದ್ದ ಅವಳ ಹರಟೆ ನಿಂತುಹೋಗಿತ್ತು. ನಾನೇ ಅವಳಿಗೆ "ನೀನು ನಿನ್ನ ಮಾತನ್ನೇ ಆಡು ಮಗಳೇ" ಎಂದೆ. ಎರಡು ಭಾಷೆಯಿಂದ ಮಾತು ಕೆಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮನೆಯಲ್ಲಿ ಒಂದು, ಸಂತೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಎಂದು ತಲೆತಲಾಂತರದಿಂದ ಆಡಿಕೊಂಡು ಬಂದ ಈ ಕರಾವಳಿಯಲ್ಲಿ ಆ ಸಲಹೆ ಇನ್ನೂ ಚಲಾವಣೆಯಲ್ಲಿರುವುದು ನನಗೆ ದುಃಖದ ಸಂಗತಿ.

ಆದರೂ ಅವನ ಮಾತು ತಡವಾಗಿತ್ತು ಎಂಬುದು ಸುಳ್ಳಲ್ಲ. ಎರಡು ವರ್ಷಕ್ಕೆ 50 ಪದಗಳಿಲ್ಲದಿದ್ದರೆ, ಅಥವಾ ಎರಡು ಪದ ಜೋಡಿಸಿ ಹೇಳದಿದ್ದರೆ, ಮಾತು ತಡವಾಗಿದೆ ಎಂದು ಪರಿಗಣಿಸುವ ಅಳತೆಯನ್ನು ಲೆಸ್ಲಿ ರೆಸ್ಕೊರ್ಲಾ 1989ರಲ್ಲಿ ಮುಂದಿಟ್ಟರು. ಪದಗಳ ಒಟ್ಟು ಲೆಕ್ಕದಲ್ಲಿ ಅವನು ಹೇಗೋ ದಾಟುತ್ತಿದ್ದ, ಜೋಡಣೆಯಲ್ಲಿ ದಾಟುತ್ತಿರಲಿಲ್ಲ. ಸಿರ್ಸಿಯಿಂದ ಅಕ್ಕ ಫೋನಿನಲ್ಲಿ "ಅಡ್ಡಿಲ್ಲೆ, ಬತ್ತು ಬಿಡು" ಎನ್ನುತ್ತಿದ್ದಳು. ಅವನ ಅಪ್ಪನಿಗೂ ಮೂರು ವರ್ಷಕ್ಕೇ ಮಾತು ಬಂದದ್ದು ಎಂದು ನೆನಪಿಸುತ್ತಿದ್ದಳು. ಅವಳ ಮಾತಿನಲ್ಲಿ ಸತ್ಯವಿದೆ. ರೆಸ್ಕೊರ್ಲಾ ಅಂಥ ಮಕ್ಕಳನ್ನು 17 ವರ್ಷದವರೆಗೆ ಬೆನ್ನುಹಿಡಿದು ನೋಡಿದಾಗ, ಬಹುಪಾಲು ಮಕ್ಕಳು ಸಾಮಾನ್ಯ ಮಟ್ಟವನ್ನು ಮುಟ್ಟಿದ್ದರು. ಆದರೆ ಅದೇ ಅಧ್ಯಯನದ ಇನ್ನೊಂದು ಅರ್ಧವನ್ನೂ ಹೇಳಬೇಕು: ಸಕಾಲಕ್ಕೆ ಮಾತು ಬಂದ ಓರಗೆಯವರಿಗೆ ಹೋಲಿಸಿದರೆ ಅವರು ಪದಸಂಪತ್ತಿನಲ್ಲಿ, ವ್ಯಾಕರಣದಲ್ಲಿ, ಕೇಳಿದ್ದನ್ನು ನೆನಪಿಟ್ಟು ಹೇಳುವುದರಲ್ಲಿ ಸ್ವಲ್ಪ ಕೆಳಗೇ ಉಳಿದಿದ್ದರು.

ಈ ಸಂಬಂಧ ಎಷ್ಟು ಬಲವಾದುದು ಎಂಬುದನ್ನು ನೇರವಾಗಿ ಅಳೆದವರು ಬ್ರಿಟನ್ನಿನ ಫಿಯೊನಾ ಡಫ್, ಕೇಟ್ ನೇಷನ್ ಮತ್ತು ಸಂಗಡಿಗರು. 16ರಿಂದ 24 ತಿಂಗಳ ವಯಸ್ಸಿನಲ್ಲಿ ಪದಗಳ ಲೆಕ್ಕ ತೆಗೆದಿದ್ದ 300 ಮಕ್ಕಳನ್ನು ಅವರು ಸುಮಾರು 5 ವರ್ಷಗಳ ನಂತರ ಶಾಲೆಯ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ಶಾಲೆಯ ವಯಸ್ಸಿನಲ್ಲಿ ಮಕ್ಕಳ ಪದಸಂಪತ್ತಿನಲ್ಲಿ ಕಂಡ ವ್ಯತ್ಯಾಸದ ಶೇಕಡಾ 16ರಷ್ಟನ್ನು ಮಾತ್ರ ಶೈಶವದ ಪದಸಂಖ್ಯೆ ವಿವರಿಸಬಲ್ಲದಾಗಿತ್ತು. ಓದಿ ಅರ್ಥಮಾಡಿಕೊಳ್ಳುವುದರಲ್ಲಿ ಶೇಕಡಾ 18. ಪದದೊಳಗಿನ ಧ್ವನಿಗಳನ್ನು ಬಿಡಿಸಿ ಗುರುತಿಸುವುದರಲ್ಲಿ ಶೇಕಡಾ 4. ಉಳಿದ ದೊಡ್ಡ ಪಾಲು ಬೇರೆ ಕಾರಣಗಳದ್ದು. ಸಾವಿರ ಮಕ್ಕಳ ಗುಂಪಿನ ಬಗ್ಗೆ ಏನನ್ನಾದರೂ ಹೇಳಲು ಇದು ಸಾಕು, ನಿಮ್ಮ ಮಡಿಲಲ್ಲಿರುವ ಒಂದು ಮಗುವಿನ ಭವಿಷ್ಯ ಹೇಳಲು ಸಾಲದು. ಮನೆಯಲ್ಲಿ ಹಿರಿಯರಿಗೆ ಓದಿನ ಅಥವಾ ಮಾತಿನ ತೊಂದರೆ ಇದ್ದ ಚರಿತ್ರೆಯಿದ್ದರೆ ಅದನ್ನೂ ಕೂಡಿಸಿ ನೋಡಿದಾಗ ಮುನ್ಸೂಚನೆ ಇನ್ನಷ್ಟು ನಿಚ್ಚಳವಾಯಿತು.

ಆ ಶೇಕಡಾ 4ಕ್ಕೂ ಶೇಕಡಾ 18ಕ್ಕೂ ನಡುವಿನ ಅಂತರ ಒಂದನೆಯ ತರಗತಿಗೆ ಪಾಠ ಹೇಳಿದವರಿಗೆ ಬೇಗ ಅರ್ಥವಾಗುತ್ತದೆ. ಕನ್ನಡ ಲಿಪಿಯಲ್ಲಿ ಬರೆದ ಹಾಗೆಯೇ ಓದಬಹುದು. ಕಾಗುಣಿತ ಕೈವಶವಾದ ಮಗು ಗೊತ್ತಿಲ್ಲದ ಪದವನ್ನೂ ತಡವರಿಸದೆ ಓದಿಬಿಡುತ್ತದೆ. ಕೊಟ್ಟಿಗೆ, ಕಣಜ, ಕೊಯ್ಲು ಎಂದು ಗಟ್ಟಿಯಾಗಿ ಓದಿದ ಮಕ್ಕಳನ್ನು ಮೆಚ್ಚಿ ಮುಂದಕ್ಕೆ ಕಳಿಸಿ, ಮೂರನೆಯ ತರಗತಿಯಲ್ಲಿ ಪಾಠದ ಪ್ರಶ್ನೆಗೆ ಉತ್ತರ ಬರದಾಗಲೇ ಅವರಿಗೆ ಆ ಪದಗಳ ಅರ್ಥ ತಿಳಿದಿರಲಿಲ್ಲವೆಂದು ನಾನು ಕಂಡುಕೊಂಡದ್ದುಂಟು. ಚಿಕ್ಕಂದಿನ ಪದಸಂಪತ್ತು ಓದಿಗೆ ನೆರವಾಗುವುದು ಹೆಚ್ಚಾಗಿ ಈ ಕಡೆಯಿಂದ.

ಈಗ ಕಿವಿಯ ಮಾತಿಗೆ ಬರುತ್ತೇನೆ. ಈ ಬರಹದಲ್ಲಿ ನನಗೆ ಅತ್ಯಂತ ಮುಖ್ಯವಾದುದು ಇದೇ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಮಾತು ಬಹಳ ಕಡಿಮೆ, ಆಡಿದ್ದೂ ಅಸ್ಪಷ್ಟ. ನಾಚಿಕೆಯ ಸ್ವಭಾವ ಎಂದು ಮನೆಯವರು ಹೇಳಿದರು, ನಾನೂ ನಂಬಿದೆ. ಹಾಜರಿ ಕರೆದಾಗ ಅವಳು ನನ್ನ ತುಟಿಯನ್ನೇ ನೋಡುತ್ತಿದ್ದುದನ್ನು ನಾನು ವಿಧೇಯತೆ ಎಂದು ತಿಳಿದಿದ್ದೆ. ವರ್ಷದ ಕೊನೆಯಲ್ಲಿ ಯಾರೋ ಪರೀಕ್ಷೆ ಮಾಡಿಸಿದಾಗ ಅವಳಿಗೆ ಎರಡೂ ಕಿವಿಯಲ್ಲಿ ಗಣನೀಯ ಶ್ರವಣದೋಷವಿರುವುದು ತಿಳಿಯಿತು. ಮಾತಿಗೆ ಅತ್ಯಂತ ಫಲವತ್ತಾದ 6 ವರ್ಷಗಳು ಹೋಗಿದ್ದವು. ಅವಳನ್ನು ನೆನೆದಾಗಲೆಲ್ಲ ನನಗೆ ನೋವಾಗುತ್ತದೆ.

ಹಾಗಾಗಿ ಮೊಮ್ಮಗನ ವಿಷಯದಲ್ಲಿ ನಾನು ಕಾಯಲಿಲ್ಲ. ಎರಡು ವರ್ಷ ತುಂಬಿದ ತಿಂಗಳೇ ಹುಬ್ಬಳ್ಳಿಗೆ ಕರೆದೊಯ್ದು ಶ್ರವಣ ಪರೀಕ್ಷೆ ಮಾಡಿಸಿದೆವು. ಮಲಗಿದ ಮಗುವಿಗೂ ಈ ಪರೀಕ್ಷೆ ಮಾಡಬಹುದು. ಕಿವಿಯೊಳಗೆ ಸಣ್ಣ ತುದಿಯಿಟ್ಟು ಸದ್ದು ಕಳಿಸಿ ಒಳಗಿವಿಯ ಮರುದನಿಯನ್ನು ಅಳೆಯುವುದು ಒಂದು ಬಗೆ, ತಲೆಗೆ ತಂತಿ ಅಂಟಿಸಿ ನರದ ಪ್ರತಿಕ್ರಿಯೆಯನ್ನು ನೋಡುವುದು ಇನ್ನೊಂದು. ನೋವಿಲ್ಲ, ಸೂಜಿಯಿಲ್ಲ. ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತತೆ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ತಜ್ಞರು ಒಪ್ಪಿದ ಗುರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಯಿದೆ, ಅದರ ಪಟ್ಟಿಯಲ್ಲಿ ಶ್ರವಣದೋಷವೂ ಮಾತಿನ ವಿಳಂಬವೂ ಇವೆ. ಅಂಗನವಾಡಿಗೆ ಆ ತಂಡ ಬರುವ ದಿನ ಕೇಳಿಟ್ಟುಕೊಂಡು, ಮಗುವಿನ ಮಾತಿನ ಬಗ್ಗೆ ತಾಯಿಯೇ ಬಾಯಿಬಿಟ್ಟು ಹೇಳಬೇಕು. ನಮ್ಮ ರಾಜ್ಯದಲ್ಲಿಯೇ, ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಇದಕ್ಕೆಂದೇ ಮೀಸಲಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ಬೆರಳು ತೋರದಿದ್ದರೆ, ಎರಡು ವರ್ಷಕ್ಕೂ ಪದ ಜೋಡಿಸದಿದ್ದರೆ, ಯಾವುದೇ ವಯಸ್ಸಿನಲ್ಲಿ ಬಂದ ಮಾತು ಹಿಂದೆ ಹೋದರೆ, ಹಬ್ಬ ಮುಗಿಯಲಿ, ಮಳೆ ಕಡಿಮೆಯಾಗಲಿ ಎಂದು ಕಾಯಬೇಡಿ.

ಅವನ ಕಿವಿ ಸರಿಯಿತ್ತು. ಹುಬ್ಬಳ್ಳಿಯ ವಾಕ್ ತಜ್ಞೆ ನನ್ನ ನೋಟ್‌ಬುಕ್ಕನ್ನು ಸಾವಧಾನವಾಗಿ ತಿರುವಿ ನೋಡಿ, ನಂತರ ಅದನ್ನು ಮುಚ್ಚಿಟ್ಟು, ಮಗುವಿನೊಡನೆ ನೆಲದ ಮೇಲೆ ಕುಳಿತು ಅರ್ಧ ಗಂಟೆ ಆಡಿದರು. ಅವರು ಗಮನಿಸಿದ್ದು ಅವನ ಕೈಯನ್ನು. ಅವನು ಬಾಗಿಲಲ್ಲಿದ್ದ ಚಪ್ಪಲಿಯ ಕಡೆ ಬೆರಳು ತೋರಿ "ಆಯಿ" ಎಂದಾಗ, "ನೋಡಿ, ಅವನು ಆಯಿಯ ಚಪ್ಪಲಿ ಎಂದ. ಒಂದು ಪದ ಬಾಯಲ್ಲಿದೆ, ಇನ್ನೊಂದು ಬೆರಳಲ್ಲಿದೆ" ಎಂದರು. ಹೀಗೆ ಸನ್ನೆ ಮತ್ತು ಪದ ಎರಡನ್ನು ಬೆರೆಸುವ ಮಕ್ಕಳು ಕೆಲವು ತಿಂಗಳಲ್ಲಿ ಎರಡು ಪದಗಳನ್ನು ಜೋಡಿಸುತ್ತಾರೆ ಎಂದು ಐವರ್ಸನ್ ಮತ್ತು ಗೋಲ್ಡಿನ್-ಮೆಡೊ 2005ರಲ್ಲಿ ಬರೆದಿದ್ದಾರೆ ಎಂಬುದನ್ನು ನಾನು ಆಮೇಲೆ ತಿಳಿದೆ. ಷಿಕಾಗೊದ ಕುಟುಂಬಗಳಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ, 14 ತಿಂಗಳಿನ ಮಗು ಎಷ್ಟು ಬಗೆಯ ವಸ್ತುಗಳನ್ನು ಸನ್ನೆಯಿಂದ ತೋರುತ್ತದೆ ಎಂಬುದು ಅದರ ನಾಲ್ಕೂವರೆ ವರ್ಷದ ಪದಸಂಪತ್ತಿಗೆ ಸಂಬಂಧಿಸಿತ್ತು.

ತಜ್ಞೆ ಕೊಟ್ಟ ಸಲಹೆ ಚಿಕ್ಕದು. ಅವನು ತೋರಿದ್ದನ್ನು ಹೆಸರಿಸಿ, ಅವನು ಒಂದು ಪದ ಹೇಳಿದರೆ ನೀವು ಎರಡಾಗಿಸಿ ಹಿಂದಿರುಗಿಸಿ, ಆಮೇಲೆ ಸುಮ್ಮನಿದ್ದು ಅವನ ಸರದಿಗೆ ಜಾಗ ಬಿಡಿ. ಸುಮ್ಮನಿರುವುದು ಶಿಕ್ಷಕಿಗೆ ಸುಲಭವಲ್ಲ. ನಾನು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಿದ್ದೆ. ಹಾಲ್‌ನ ಟಿ.ವಿ.ಯನ್ನೂ, ಊಟದ ಹೊತ್ತಿನ ಮೊಬೈಲ್ ಹಾಡುಗಳನ್ನೂ ನಿಲ್ಲಿಸಿದೆವು. ಪೆಟ್ರೀಷಿಯಾ ಕೂಲ್ ಸಿಯಾಟಲ್‌ನಲ್ಲಿ 9 ತಿಂಗಳಿನ ಅಮೆರಿಕನ್ ಶಿಶುಗಳಿಗೆ ಮ್ಯಾಂಡರಿನ್ ಕೇಳಿಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎದುರು ಕುಳಿತು ಆಡಿಸಿದವರಿಂದ ಶಿಶುಗಳು ಆ ಭಾಷೆಯ ಧ್ವನಿಭೇದವನ್ನು ಕಲಿತವು. ಅದೇ ವ್ಯಕ್ತಿಗಳನ್ನು ಪರದೆಯ ಮೇಲೆ ತೋರಿಸಿದಾಗ ಏನನ್ನೂ ಕಲಿಯಲಿಲ್ಲ.

ನಮ್ಮಂಥ ತುಂಬಿದ ಮನೆಗಳಿಗೆ ಮುಟ್ಟುವ ಇನ್ನೊಂದು ಅಧ್ಯಯನವಿದೆ. ವೈಸ್‌ಲೀಡರ್ ಮತ್ತು ಫರ್ನಾಲ್ಡ್ ಎಂಬುವರು ಅಮೆರಿಕದ ಸ್ಪ್ಯಾನಿಷ್ ಮಾತಾಡುವ 29 ಮನೆಗಳ ಮಕ್ಕಳ ಸುತ್ತಲಿನ ಮಾತನ್ನು ಇಡೀ ದಿನ ಧ್ವನಿಮುದ್ರಿಸಿ 2013ರಲ್ಲಿ ಫಲಿತಾಂಶ ಕೊಟ್ಟರು. ಒಂದು ಮಗುವಿಗೆ ನೇರವಾಗಿ ಅದನ್ನೇ ಉದ್ದೇಶಿಸಿ ಆಡಿದ ಪದಗಳು ದಿನಕ್ಕೆ 12,000ಕ್ಕೂ ಹೆಚ್ಚಿದ್ದರೆ, ಇನ್ನೊಂದಕ್ಕೆ 670 ಮಾತ್ರ. ಎರಡು ವರ್ಷದ ಹೊತ್ತಿಗಿನ ಪದಸಂಪತ್ತು ಹೊಂದಿಕೊಂಡದ್ದು ಮಗುವಿನೊಡನೆ ಆಡಿದ ಮಾತಿಗೆ, ಮಗುವಿನ ತಲೆಯ ಮೇಲೆ ದೊಡ್ಡವರು ತಮ್ಮತಮ್ಮಲ್ಲಿ ಆಡಿಕೊಂಡ ಮಾತಿಗಲ್ಲ. ಇದನ್ನು ಎಲ್ಲ ಸಮಾಜಗಳಿಗೂ ಕಣ್ಣುಮುಚ್ಚಿ ಅನ್ವಯಿಸಬಾರದು ಎಂಬ ಎಚ್ಚರಿಕೆಯೂ ನನಗಿದೆ. ಮೆಕ್ಸಿಕೊದ ತ್ಸೆಲ್ತಾಲ್ ಮಾಯಾ ಹಳ್ಳಿಯಲ್ಲಿ ದೊಡ್ಡವರು ಶಿಶುಗಳೊಡನೆ ನೇರವಾಗಿ ಆಡುವುದು ಬಹಳ ಕಡಿಮೆಯಾದರೂ, ಅಲ್ಲಿನ ಮಕ್ಕಳು ಮೊದಲ ಪದವನ್ನೂ ಪದಜೋಡಣೆಯನ್ನೂ ಸರಿಯಾದ ವಯಸ್ಸಿಗೇ ಮುಟ್ಟುತ್ತಾರೆ ಎಂದು 2020ರ ಒಂದು ಅಧ್ಯಯನ ಹೇಳುತ್ತದೆ. ಆದರೂ ಮಾತು ತಡವಾದ ಮಗುವಿರುವ ಮನೆಯಲ್ಲಿ, ಎಂಟು ಜನರ ಗದ್ದಲದ ನಡುವೆ ಆ ಮಗುವಿಗೆಂದೇ ಆಡಿದ ಮಾತು ಎಷ್ಟು ಎಂದು ಒಂದು ದಿನವಾದರೂ ಕಿವಿಗೊಟ್ಟು ನೋಡುವುದು ಒಳ್ಳೆಯದು. ನಾನು ನೋಡಿದಾಗ ನಮ್ಮ ಮನೆಯಲ್ಲಿ ಅದು ಬಹುಪಾಲು "ಬೇಡ", "ಮುಟ್ಟಬೇಡ", "ಬಾ ಉಣ್ಣು" ಇಷ್ಟೇ ಇತ್ತು.

26ನೆಯ ತಿಂಗಳಿನಲ್ಲಿ ಒಂದು ಮಧ್ಯಾಹ್ನ ಲೋಟವನ್ನು ದೂಡಿ ಅವನು "ಉದಾಕ ಬೇಡ" ಎಂದ. ನಾಮಪದ ಕೊಂಕಣಿಯದು, ಕ್ರಿಯಾಪದ ಕನ್ನಡದ್ದು. ಅದನ್ನೂ ಗೆರೆಯ ಮೇಲೆಯೇ ಬರೆದೆ. ಮೂರು ವರ್ಷದ ಹೊತ್ತಿಗೆ ಮಾತುಗಳು ಎಣಿಕೆ ಮೀರಿ ಬರತೊಡಗಿದ್ದರಿಂದ ನಾನು ಬರೆಯುವುದನ್ನು ನಿಲ್ಲಿಸಿದೆ.

ಈಗ ಅವನು ಚೆನ್ನಾಗಿ ಓದುತ್ತಾನೆ. ಕೇಳಿದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳು ಎಂದರೆ ಮಾತ್ರ ಓರಗೆಯ ಕೆಲವರಿಗಿಂತ ಹೆಚ್ಚು ತಡವರಿಸುತ್ತಾನೆ, ನಡುವಿನ ಒಂದೆರಡು ಸಂಗತಿಗಳನ್ನು ಬಿಟ್ಟುಬಿಡುತ್ತಾನೆ. ರೆಸ್ಕೊರ್ಲಾ ಬರೆದದ್ದು ನೆನಪಿದ್ದ ನನಗೆ ಇದು ಅನಿರೀಕ್ಷಿತವಲ್ಲ. ಆದ್ದರಿಂದ ಪ್ರತಿದಿನ ಸಂಜೆ ಅವನಿಂದ ಒಂದು ಸಂಗತಿಯನ್ನು ಹೇಳಿಸಿಕೊಳ್ಳುತ್ತೇನೆ. ಕಳೆದ ಭಾನುವಾರ ಅಪ್ಪನೊಡನೆ ಬೈತಖೋಲ ಬಂದರಿಗೆ ಹೋಗಿ ಬಂದು, ದೋಣಿ ಬಂದದ್ದು, ಬಲೆ ಇಳಿಸಿದ್ದು, ಬುಟ್ಟಿ ತುಂಬಿದ್ದು ಎಲ್ಲವನ್ನೂ ನನಗೆ ಕನ್ನಡದಲ್ಲಿ ಹೇಳಿದ. ಬಲೆ ಇಳಿಸಿದ ಮೇಲೆ ಏನಾಯಿತು ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಬುಟ್ಟಿಯ ಮಾತಿಗೆ ಹೋದ. ಕತ್ತಲಾದ ಮೇಲೆ ಕೋಡಿಬಾಗದ ಅಜ್ಜಿಗೆ ಫೋನಿನಲ್ಲಿ ಅದನ್ನೇ ಕೊಂಕಣಿಯಲ್ಲಿ ಹೇಳುತ್ತಿದ್ದುದನ್ನು ಕೇಳಿಸಿಕೊಂಡೆ. ಅಲ್ಲಿ ಬಲೆಗೂ ಬುಟ್ಟಿಗೂ ನಡುವೆ ಒಂದು ಕುರ್ಲಿ ಇತ್ತು; ಯಾರೋ ಅದನ್ನು ಬಲೆಯಿಂದ ಬಿಡಿಸಿ ನೀರಿಗೆ ಎಸೆದಿದ್ದರು. ಏಡಿ ಎಂಬ ಪದವನ್ನು ನಮ್ಮ ಸಿರ್ಸಿಯ ಅಡಿಗೆಮನೆಯ ಮಾತಿನಲ್ಲಿ ಅವನು ಎಂದೂ ಕೇಳಿರಲಿಲ್ಲ.